ಬಿಟ್ಟ ಸ್ಥಳದ ಚರಿತ್ರೆ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಬೆಳೆಯುವ ಮಗುವಿಗೆ ಒಂದೇ ಮಾತನ್ನು ಮೂರ್ನಾಲ್ಕು ರೀತಿಯಲ್ಲಿ ಹೇಳುವುದು ಹೊಸತಲ್ಲ. ಓಣಿಯಲ್ಲಿ ಆಡುವಾಗ 'ಬಜಾರದಾಗ' ಅನ್ನುತ್ತದೆ, ಶಾಲೆಯ ಉತ್ತರಪತ್ರಿಕೆಯಲ್ಲಿ 'ಬಜಾರಿನಲ್ಲಿ' ಎಂದು ಬರೆಯುತ್ತದೆ. ಮರಾಠಿ ಮನೆಯ ಗೆಳೆಯ 'ಬಾಜಾರಾತ' ಅಂದರೂ ಉರ್ದು ಮನೆಯ ಗೆಳತಿ 'ಬಜಾರ್ ಮೇಂ' ಅಂದರೂ ಅದಕ್ಕೆ ತಿಳಿಯುತ್ತದೆ. ಎಸ್‌ಎಸ್‌ಕೆ ಸಮಾಜದ ಮನೆಗಳ ಸಾವಜಿ ಮಾತು ಬೇರೆ ಕಿವಿಗೆ ಬೀಳುತ್ತಿರುತ್ತದೆ. ಇಷ್ಟು ಮಾತುಗಳು ಒಂದೇ ಓಣಿಯಲ್ಲಿದ್ದರೂ ಒಂದು ವಿಷಯದಲ್ಲಿ ಎಲ್ಲವೂ ಒಂದೇ. ಮೊದಲು ವಸ್ತುವಿನ ಹೆಸರು ಬರುತ್ತದೆ, ಅದರ ಬಾಲಕ್ಕೆ ಸಂಬಂಧ ಹೇಳುವ ತುಣುಕು ಅಂಟಿಕೊಳ್ಳುತ್ತದೆ.

ಇಂಗ್ಲಿಷ್ ಒಂದೇ ಇದಕ್ಕೆ ತಿರುಗುಮುರುಗು. ಅಲ್ಲಿ ತುಣುಕು ಮೊದಲು, ಹೆಸರು ಆಮೇಲೆ: 'ಇನ್ ದ ಬಜಾರ್'. ಸ್ಥಾನ ಬದಲಾದದ್ದಷ್ಟೇ ಆಗಿದ್ದರೆ ನಾಲ್ಕು ದಿನದಲ್ಲಿ ರೂಢಿಯಾಗುತ್ತಿತ್ತು. ತೊಡಕು ಇರುವುದು ಆಯ್ಕೆಯಲ್ಲಿ. ಕಮರಿಪೇಟೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಸ್ಟೇಷನ್ ರೋಡಿನಲ್ಲಿ ಎಂದು ನಾವು ಒಂದೇ '-ಅಲ್ಲಿ' ಹಚ್ಚಿ ಮುಗಿಸುವ ಕಡೆ ಇಂಗ್ಲಿಷಿಗೆ 'ಇನ್', 'ಅಟ್', 'ಆನ್' ಎಂಬ ಮೂರು ಬೇಕು. ಹಾಗೂ ಹೀಗೂ ಜಾಗದ ಲೆಕ್ಕ ಹಿಡಿತಕ್ಕೆ ಬಂದಿತು ಅನ್ನುವಷ್ಟರಲ್ಲಿ ನುಡಿಗಟ್ಟುಗಳು ಎದುರಾಗುತ್ತವೆ. ಸಿಟ್ಟು ಯಾರ 'ಮೇಲೆ' ಬರುತ್ತದೆ? ಕನ್ನಡದಲ್ಲಿ ನನ್ನ ಮೇಲೆ, ನಿನ್ನ ಮೇಲೆ. ಇಂಗ್ಲಿಷಿನಲ್ಲಿ 'ಆಂಗ್ರಿ ಆನ್ ಮಿ' ಅಂದರೆ ತಪ್ಪು, 'ಆಂಗ್ರಿ ವಿತ್ ಮಿ' ಅನ್ನಬೇಕು. ಹಾವಿಗೆ ಹೆದರುವವನು ಅಲ್ಲಿ 'ಅಫ್ರೇಡ್ ಆಫ್', ಲೆಕ್ಕದಲ್ಲಿ ಜಾಣನಾದವನು 'ಗುಡ್ ಅಟ್', ನನಗಿಂತ ಹಿರಿಯನಾದವನು 'ಸೀನಿಯರ್ ಟು'. ಮೇಲೆ, ಗೆ, ಅಲ್ಲಿ, ಗಿಂತ - ನಮ್ಮ ನಾಲ್ಕೂ ಪ್ರತ್ಯಯಗಳು ಇಲ್ಲಿ ಕೈಕೊಡುತ್ತವೆ.

ಈ ಪುಟ್ಟ ಪದಗಳ ಮೇಲೆ ಇವತ್ತು ಅನ್ನದ ಪ್ರಶ್ನೆ ನಿಂತಿದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸುಗಳಿಗೆ ಹೋಗುವ ಹುಡುಗ ಹುಡುಗಿಯರ ಕೈಯಲ್ಲಿರುವ ಪ್ರಶ್ನೆಪುಸ್ತಕಗಳನ್ನು ತೆರೆದು ನೋಡಿ. ಬ್ಯಾಂಕ್ ಪರೀಕ್ಷೆಯಿರಲಿ, ಎಸ್‌ಎಸ್‌ಸಿ ಇರಲಿ, ಒಂದು ವಾಕ್ಯ, ಅದರ ನಡುವೆ ಒಂದು ಖಾಲಿ ಗೆರೆ, ಕೆಳಗೆ ನಾಲ್ಕು ಆಯ್ಕೆ ಇದ್ದೇ ಇರುತ್ತವೆ. ಸರಿಯಾದರೆ ಅಂಕ, ತಪ್ಪಾದರೆ ಆ ಅಂಕ ಹೋಗುವುದಲ್ಲದೆ ಗಳಿಸಿದ್ದರಲ್ಲೂ ಕಾಲು ಭಾಗ ಕಡಿತ. ಕಟ್ ಆಫ್ ಹತ್ತಿರದಲ್ಲಿ ಸಾವಿರಾರು ಜನ ಒಂದೊಂದು ಅಂಕದ ಅಂತರದಲ್ಲಿ ನಿಂತಿರುವಾಗ, 'ಆನ್' ಮತ್ತು 'ವಿತ್' ನಡುವಿನ ವ್ಯತ್ಯಾಸ ನೌಕರಿ ಸಿಕ್ಕವರ ಮತ್ತು ಮತ್ತೊಂದು ವರ್ಷ ರೂಮಿನ ಬಾಡಿಗೆ ಕಟ್ಟುವವರ ನಡುವಿನ ವ್ಯತ್ಯಾಸವೂ ಆಗುತ್ತದೆ.

ಕ್ಲಾಸಿನಲ್ಲಿ 'ಯಾಕ ಸರ್?' ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ಅದು ಹಂಗs, ಬಾಯಿಪಾಠ ಮಾಡ್ರಿ.' ಆ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಭಾಷೆಯಲ್ಲಿ 'ಅದು ಹಂಗs' ಎನ್ನುವುದರ ಹಿಂದೆ ಬಹುತೇಕ ಒಂದು ಚರಿತ್ರೆ ಇರುತ್ತದೆ. ಬಿಟ್ಟ ಸ್ಥಳದ ಹಿಂದೆ ಅಂಥ ಎರಡು ಚರಿತ್ರೆಗಳಿವೆ. ಒಂದು ಇಂಗ್ಲಿಷಿನದು, ಇನ್ನೊಂದು ನಮ್ಮ ಪರೀಕ್ಷೆಗಳದು.

ಮೊದಲು ಇಂಗ್ಲಿಷಿನದನ್ನು ನೋಡೋಣ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿಗೂ ನಮ್ಮಂತೆ ವಿಭಕ್ತಿಗಳಿದ್ದವು. ನಾಮಪದದ ಕೊನೆ ಬದಲಾಗಿ, ಕರ್ತೃ ಯಾರು, ಕರ್ಮ ಯಾವುದು, ಯಾರಿಗೆ, ಯಾರದು ಎಂಬುದನ್ನು ತಿಳಿಸುತ್ತಿತ್ತು. ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರೊಡನೆ ಬೆರೆತು, 1066ರ ನಾರ್ಮನ್ ಆಕ್ರಮಣದ ನಂತರ ಫ್ರೆಂಚ್ ಮಾತಾಡುವ ಅರಸರ ಕೈಕೆಳಗೆ ಬಾಳಿ, ಒತ್ತು ಬೀಳದ ಕೊನೆಯ ಸ್ವರಗಳು ಸವೆದು, ಆ ಬಾಲಗಳು ಒಂದೊಂದಾಗಿ ಉದುರಿದವು. ಬಾಲ ಉದುರಿದರೂ ಕೆಲಸ ಉಳಿಯಿತಲ್ಲ, ಅದನ್ನು ಮಾಡಲು ಪದದ ಮುಂದೆ ನಿಲ್ಲುತ್ತಿದ್ದ ಪುಟ್ಟ ಪದಗಳು ಹೆಗಲು ಕೊಟ್ಟವು. ಅಂದರೆ ಇವತ್ತು ನಮ್ಮ ಹುಡುಗರನ್ನು ಕಾಡುವ ಪ್ರಿಪೊಸಿಷನ್ನುಗಳು ಕಳೆದುಹೋದ ವಿಭಕ್ತಿಗಳ ಹೊರೆಯನ್ನು ಹೊತ್ತವು. ಒಂದೊಂದು ಪದದ ತಲೆಯ ಮೇಲೆ ಹತ್ತಾರು ಕೆಲಸ ಬಿದ್ದದ್ದು ಹೀಗೆ.

'ವಿತ್' ಎಂಬ ಪದವನ್ನೇ ತೆಗೆದುಕೊಳ್ಳಿ. ಹಳೆಯ ಇಂಗ್ಲಿಷಿನಲ್ಲಿ ಅದರ ಮುಖ್ಯ ಅರ್ಥ 'ಜೊತೆಗೆ' ಅಲ್ಲ, 'ಎದುರಿಗೆ, ವಿರುದ್ಧವಾಗಿ'. 'ಜೊತೆಗೆ' ಎನ್ನಲು 'ಮಿಡ್' ಎಂಬ ಬೇರೆ ಪದವಿತ್ತು. ಅದು ಜರ್ಮನ್ನಿನ 'ಮಿಟ್' ಎಂಬುದರ ಬಳಗ. ಕಾಲಾಂತರದಲ್ಲಿ 'ವಿತ್' ಪದವು 'ಮಿಡ್' ಪದದ ಜಾಗವನ್ನೂ ನುಂಗಿತು. ಹೆಣ್ಣಿನ ಜೊತೆ ಇರುವವಳು ಎಂಬ ಅರ್ಥದ 'ಮಿಡ್‌ವೈಫ್', ಅಂದರೆ ಸೂಲಗಿತ್ತಿ, ಎಂಬ ಪದದಲ್ಲಿ ಮಾತ್ರ ಆ ಹಳೆಯ ತುಣುಕು ಬದುಕಿದೆ. 'ವಿತ್' ಪದದ ಹಳೆಯ ಸ್ವಭಾವವೂ ಪೂರ್ತಿ ಹೋಗಲಿಲ್ಲ. 'ವಿತ್‌ಸ್ಟ್ಯಾಂಡ್' ಎಂದರೆ ಎದುರಿಸಿ ನಿಲ್ಲುವುದು. 'ಫೈಟ್ ವಿತ್' ಅಂದರೆ ಅವನ ವಿರುದ್ಧ ಜಗಳವೋ ಅವನ ಪಕ್ಷದಲ್ಲಿ ನಿಂತು ಜಗಳವೋ ಎಂಬ ಗೊಂದಲ ಇಂದಿಗೂ ಇದೆ. ಹೀಗೆ ನೋಡಿದರೆ 'ಆಂಗ್ರಿ ವಿತ್ ಮಿ' ಅಷ್ಟು ವಿಚಿತ್ರ ಅನ್ನಿಸುವುದಿಲ್ಲ. ಜಗಳ, ವಾದ, ಸಿಟ್ಟು ಎಲ್ಲಕ್ಕೂ ಇಬ್ಬರು ಎದುರುಬದುರು ನಿಲ್ಲಬೇಕು, ಅಲ್ಲಿ 'ವಿತ್' ಹಾಜರು. ಕನ್ನಡದಲ್ಲಿ ಸಿಟ್ಟು ಮೇಲಿಂದ ಬೀಳುತ್ತದೆ, ಇಂಗ್ಲಿಷಿನಲ್ಲಿ ಎದುರಿಗೆ ನಿಲ್ಲುತ್ತದೆ.

'ಆಫ್' ಪದದ ಕಥೆ ಇನ್ನೂ ಉಪಯೋಗದ್ದು. ಒಂದೇ 'ಎಫ್' ಇರುವ 'ಆಫ್' ಮತ್ತು ಎರಡು 'ಎಫ್' ಇರುವ 'ಆಫ್' ಮೂಲದಲ್ಲಿ ಒಂದೇ ಪದ, ಅರ್ಥ 'ಅಲ್ಲಿಂದ, ದೂರಕ್ಕೆ'. ಒತ್ತಿ ಹೇಳಿದ ರೂಪ ಒಂದಾಯಿತು, ಹಗುರಾಗಿ ಹೇಳಿದ ರೂಪ ಇನ್ನೊಂದಾಯಿತು. ಹಗುರಾದ ರೂಪಕ್ಕೆ ಫ್ರೆಂಚಿನ 'ದ' ಎಂಬ ಪದದ ಕೆಲಸವೂ ಬಂದು ಸೇರಿ, ನಮ್ಮ ಷಷ್ಠಿಯಂತೆ 'ಅದರ, ಇದರ' ಎನ್ನುವ ಅರ್ಥ ಗಟ್ಟಿಯಾಯಿತು. ಹಳೆಯ 'ಅಲ್ಲಿಂದ' ಎಂಬ ಅರ್ಥ ಮಾತ್ರ ಕೆಲವು ನುಡಿಗಟ್ಟುಗಳಲ್ಲಿ ಅವಿತು ಕುಳಿತಿದೆ. ರೋಗದಿಂದ ಗುಣವಾಗುವುದು 'ಕ್ಯೂರ್ಡ್ ಆಫ್', ಪೀಡೆಯಿಂದ ಪಾರಾಗುವುದು 'ರಿಡ್ ಆಫ್', ಹಕ್ಕಿನಿಂದ ವಂಚಿತನಾಗುವುದು 'ಡಿಪ್ರೈವ್ಡ್ ಆಫ್', ಜ್ವರದಿಂದ ಸಾಯುವುದು 'ಡೈ ಆಫ್ ಫೀವರ್'. ಕನ್ನಡದಲ್ಲಿ ಇವೆಲ್ಲ '-ಇಂದ'. ಹಾಗಾಗಿ ನಮ್ಮ ವಿದ್ಯಾರ್ಥಿ 'ಫ್ರಮ್' ಎಂದು ಗುರುತು ಹಾಕುತ್ತಾನೆ. ಅವನ ತರ್ಕ ಸರಿಯಾಗಿಯೇ ಇದೆ, ಆ ಕೆಲಸವನ್ನು ಒಂದು ಕಾಲಕ್ಕೆ 'ಆಫ್' ಮಾಡುತ್ತಿತ್ತು ಎಂಬ ಸಂಗತಿಯನ್ನು ಯಾರೂ ಅವನಿಗೆ ಹೇಳಿರುವುದಿಲ್ಲ ಅಷ್ಟೆ.

ಮೂರನೆಯ ಗುಂಪು ಲ್ಯಾಟಿನ್ನಿನಿಂದ ಬಂದವರದು. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್ - ಇವೆಲ್ಲ ಲ್ಯಾಟಿನ್ನಿನ ತರತಮ ರೂಪಗಳು. ಇಂಗ್ಲಿಷಿನ ಸ್ವಂತ ಪದಗಳಾದ 'ಓಲ್ಡರ್', 'ಟಾಲರ್' ಮುಂತಾದವು 'ದ್ಯಾನ್' ಬೇಡಿದರೆ, ಹೊರಗಿನಿಂದ ಬಂದ ಇವು 'ಟು' ಹಿಡಿದುಕೊಂಡೇ ಇವೆ. 'ಪ್ರಿಫರ್' ಕೂಡ ಇದೇ ಸಾಲಿನದು: ಲ್ಯಾಟಿನ್ನಿನಲ್ಲಿ ಒಂದನ್ನು ಮತ್ತೊಂದ'ಕ್ಕೆ' ಮುಂದಾಗಿ ಇಡುತ್ತಿದ್ದರು, ಅದಕ್ಕೇ ಚಹಾಕ್ಕಿಂತ ಕಾಫಿ ಮೇಲು ಅನ್ನುವವನು 'ಪ್ರಿಫರ್ ಕಾಫಿ ಟು ಟೀ' ಅನ್ನಬೇಕು. ಪದದ ಕೊನೆಯಲ್ಲಿ '-ಇಯರ್' ಎಂಬ ಲ್ಯಾಟಿನ್ ಬಾಲ ಕಂಡರೆ ನಾಲ್ಕು ಆಯ್ಕೆಗಳಲ್ಲಿ 'ಟು' ಹುಡುಕಿ. ಒಂದೊಂದನ್ನೇ ಬಾಯಿಪಾಠ ಮಾಡುವ ಶ್ರಮ ಉಳಿಯುತ್ತದೆ.

ಇಂಗ್ಲಿಷಿನವರಿಗೇ ಈ ವಿಷಯದಲ್ಲಿ ಒಮ್ಮತ ಇರಲಿಲ್ಲ, ಈಗಲೂ ಇಲ್ಲ. ಮನಸ್ಸಿಲ್ಲದವನು ಎಂಬ ಅರ್ಥದ 'ಅವರ್ಸ್' ಪದದ ಮುಂದೆ 'ಫ್ರಮ್' ಬರಬೇಕೋ 'ಟು' ಬರಬೇಕೋ ಎಂದು 18ನೇ ಶತಮಾನದ ಪಂಡಿತರು ವಾದ ಮಾಡಿದರು. ಲ್ಯಾಟಿನ್ ಬಲ್ಲವರು 'ಫ್ರಮ್' ಅಂದರು, ಜನರ ಬಾಯಲ್ಲಿ 'ಟು' ಗೆದ್ದಿತು. 'ಡಿಫರೆಂಟ್' ಪದಕ್ಕೆ 'ಫ್ರಮ್' ಹಚ್ಚುವುದು ಎಲ್ಲೆಡೆ ಸರಿ. ಆದರೆ ಬ್ರಿಟನ್ನಿನ ಮಾತಿನಲ್ಲಿ 'ಡಿಫರೆಂಟ್ ಟು', ಅಮೆರಿಕದಲ್ಲಿ 'ಡಿಫರೆಂಟ್ ದ್ಯಾನ್' ಧಾರಾಳವಾಗಿ ಓಡಾಡುತ್ತವೆ. ನಮ್ಮ ಪರೀಕ್ಷೆಯ ಕೀ ಉತ್ತರದಲ್ಲಿ ಮಾತ್ರ ಒಂದೇ ಒಂದು ಸರಿ ಇರುತ್ತದೆ. ಆ ಒಂದನ್ನು ಆರಿಸಿದವರು ಯಾರು? ಇಲ್ಲಿಂದ ಎರಡನೆಯ ಚರಿತ್ರೆ ಶುರುವಾಗುತ್ತದೆ.

ಹುಬ್ಬಳ್ಳಿ-ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಮುಂಬೈ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿತು, 1859ರಲ್ಲಿ ಅದರ ಮೊದಲ ಮೆಟ್ರಿಕ್ಯುಲೇಷನ್ ಪರೀಕ್ಷೆ ನಡೆಯಿತು. ಮಹಾದೇವ ಗೋವಿಂದ ರಾನಡೆಯವರು ಆ ಮೊದಲ ತಂಡದಲ್ಲಿ ತೇರ್ಗಡೆಯಾದವರು. ಮುಂದೆ ಮೆಟ್ರಿಕ್ ಪಾಸು ಎಂಬುದು ಕಚೇರಿ ಗುಮಾಸ್ತಿಕೆಗೆ, ವಕೀಲಿಗೆ, ಮಾಸ್ತರಿಕೆಗೆ ಬಾಗಿಲಾಯಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು, ಅದರ ವರ್ಕ್‌ಶಾಪು ಶುರುವಾದ ಮೇಲೆ ಇಂಗ್ಲಿಷ್ ಬಲ್ಲ ಕಾರಕೂನನ ಬೆಲೆ ಇನ್ನಷ್ಟು ಏರಿತು.

ಆ ಹೊತ್ತಿನಲ್ಲಿ ಈ ಭಾಗದ ಜಗಳ ಇಂಗ್ಲಿಷಿನದಕ್ಕಿಂತ ಮರಾಠಿಯದಾಗಿತ್ತು. ಕನ್ನಡ ನಾಡಿನ ಶಾಲೆಗಳಲ್ಲಿ ಮರಾಠಿ ಕಲಿಸುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಅವರು ಇಂಗ್ಲಿಷನ್ನು ದೂರವಿಟ್ಟವರಲ್ಲ. ಶೇಕ್ಸ್‌ಪಿಯರನ 'ಕಾಮೆಡಿ ಆಫ್ ಎರರ್ಸ್' ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದವರು ಅವರೇ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಅಚ್ಚು ಹಾಕಿಸಿದರು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಎರಡು ಭಾಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಅಭ್ಯಾಸ ಈ ನೆಲಕ್ಕೆ ಹೊಸದಾಗಿರಲಿಲ್ಲ. ಆದರೆ ಆ ಅಭ್ಯಾಸ ಪರೀಕ್ಷೆಯ ತಯಾರಿಗೆ ಇಳಿಯಲಿಲ್ಲ.

ಪರೀಕ್ಷೆಯ ತಯಾರಿಗೆ ಬೇರೆ ಪುಸ್ತಕಗಳು ಬಂದವು. ವಾಯವ್ಯ ಪ್ರಾಂತ ಮತ್ತು ಅವಧ್‌ನಲ್ಲಿ ಸಾರ್ವಜನಿಕ ಶಿಕ್ಷಣದ ನಿರ್ದೇಶಕರಾಗಿದ್ದ ಜೆ. ಸಿ. ನೆಸ್‌ಫೀಲ್ಡ್ 19ನೇ ಶತಮಾನದ ಕೊನೆಯಲ್ಲಿ ಭಾರತದ ವಿದ್ಯಾರ್ಥಿಗಳನ್ನು ಕಣ್ಮುಂದೆ ಇಟ್ಟುಕೊಂಡು ವ್ಯಾಕರಣದ ಪುಸ್ತಕಗಳನ್ನು ಬರೆದರು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಬಂದರು. ಪಿ. ಸಿ. ರೆನ್ ಎಂದರೆ ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿ ಹೋದವನು, ಆಮೇಲೆ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿಯಿಂದ ಜಗತ್ತಿಗೆ ಪರಿಚಿತನಾದವನು. ಇಂಗ್ಲೆಂಡಿನ ಓದುಗರಿಗೆ ಅವನು ಕಾದಂಬರಿಕಾರ, ನಮ್ಮ ಊರಿನ ಅಜ್ಜ, ಅಪ್ಪ, ಮೊಮ್ಮಗ ಮೂರೂ ತಲೆಮಾರಿಗೆ ಅವನು ವ್ಯಾಕರಣ. ಆ ಪುಸ್ತಕದಲ್ಲಿ ಯಾವ ಪದದ ಮುಂದೆ ಯಾವ ಪ್ರಿಪೊಸಿಷನ್ ಎಂಬ ಉದ್ದನೆಯ ಪಟ್ಟಿಗಳಿವೆ. ಪಟ್ಟಿಯಲ್ಲಿ ಕಾರಣ ಇಲ್ಲ, ಚರಿತ್ರೆ ಇಲ್ಲ, ಜೋಡಿ ಮಾತ್ರ ಇದೆ. ಒಂದು ಕಾಲದ ವಿದ್ಯಾವಂತ ಇಂಗ್ಲಿಷರ ಬಳಕೆ ಹೀಗೆ ಅಚ್ಚಿನಲ್ಲಿ ನಿಂತುಬಿಟ್ಟಿತು. ಇಂದಿನ ಪ್ರಶ್ನೆಪುಸ್ತಕಗಳ ಎಷ್ಟೋ ಪ್ರಶ್ನೆಗಳಲ್ಲಿ ಆ ಪಟ್ಟಿಗಳ ನೆರಳು ಕಾಣುತ್ತದೆ.

ಪಟ್ಟಿಯನ್ನು ತೀರ್ಪಾಗಿ ಮಾಡಿದ್ದು ಮಾತ್ರ ಇನ್ನೊಂದು ಸಲಕರಣೆ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞ 1914-15ರ ಸುಮಾರಿಗೆ ಮಕ್ಕಳ ಓದನ್ನು ಅಳೆಯಲು ಒಂದು ಪರೀಕ್ಷೆ ರೂಪಿಸಿದ. ತಿದ್ದುವವನ ಮನಸ್ಸಿನ ಮೇಲೆ ಅಂಕ ನಿಲ್ಲಬಾರದು, ಬೇಗ ತಿದ್ದಿ ಮುಗಿಯಬೇಕು, ಒಂದು ಪ್ರಶ್ನೆಗೆ ಒಂದೇ ಸರಿ ಉತ್ತರ ಇರಬೇಕು ಎಂಬುದು ಅವನ ಆಶಯ. ಬಹು ಆಯ್ಕೆಯ ಪ್ರಶ್ನೆ ಬೆಳೆದದ್ದು ಅಲ್ಲಿಂದ. ಹಳೆಯ ಮೆಟ್ರಿಕ್ಕಿನ ಪ್ರಬಂಧ ತಿದ್ದುವವನು ಒಂದು 'ಆನ್' ತಪ್ಪಾದರೆ ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಹೇಳಿದ ವಿಷಯಕ್ಕೆ ಅಂಕ ಕೊಡಬಹುದಿತ್ತು. ಬಹು ಆಯ್ಕೆಯಲ್ಲಿ ಆ ಔದಾರ್ಯಕ್ಕೆ ಎಡೆಯಿಲ್ಲ, ಆ 'ಆನ್' ಎಂಬುದೇ ಇಡೀ ಉತ್ತರ. ಪ್ರಶ್ನೆ ತೆಗೆಯುವವರಿಗೆ ಪ್ರಿಪೊಸಿಷನ್ನಿನಂಥ ಅನುಕೂಲದ ವಸ್ತು ಬೇರೆ ಇಲ್ಲ. ಪದ ಚಿಕ್ಕದು, ಆಯ್ಕೆಗಳನ್ನು ಹುಡುಕುವ ಕಷ್ಟವಿಲ್ಲ, ಸರಿಯುತ್ತರಕ್ಕೆ ಪುಸ್ತಕದ ಆಧಾರವಿದೆ, ತಪ್ಪುವವರೂ ಬೇಕಾದಷ್ಟು ಜನ ಸಿಗುತ್ತಾರೆ.

ಸ್ವಾತಂತ್ರ್ಯದ ನಂತರ ನೌಕರಿಗಳೂ ಅರ್ಜಿಗಳೂ ಹೆಚ್ಚಿದಂತೆ ಈ ವಿಧಾನ ನಮ್ಮಲ್ಲಿ ಬೇರೂರಿತು. 1970ರ ದಶಕದಲ್ಲಿ ಎಸ್‌ಎಸ್‌ಸಿ ಬಂದಿತು, ಬ್ಯಾಂಕುಗಳಿಗೆ ನೇಮಕಾತಿ ಮಂಡಳಿಗಳು ಬಂದವು. 1979ರಲ್ಲಿ ಯುಪಿಎಸ್‌ಸಿ ವಸ್ತುನಿಷ್ಠ ಮಾದರಿಯ ಪೂರ್ವಭಾವಿ ಪರೀಕ್ಷೆಯನ್ನು ಹೊಸದಾಗಿ ತಂದಿತು. ಅದೇ 1979ರಲ್ಲಿ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಎನ್. ಎಸ್. ಪ್ರಭು ಅವರು ಇದಕ್ಕೆ ವಿರುದ್ಧ ದಿಕ್ಕಿನ ಪ್ರಯೋಗವೊಂದನ್ನು ಶುರುಮಾಡಿದರು. ಮಕ್ಕಳಿಗೆ ವ್ಯಾಕರಣದ ಪಟ್ಟಿ ಕೊಡಬೇಡಿ, ರೈಲಿನ ವೇಳಾಪಟ್ಟಿ, ನಕಾಶೆಗಳಂಥ ಕೆಲಸ ಕೊಡಿ, ಅರ್ಥದ ಕಡೆ ಗಮನವಿದ್ದಾಗ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1984ರವರೆಗೆ ನಡೆದ ಆ 'ಬೆಂಗಳೂರು ಪ್ರಾಜೆಕ್ಟ್' ಬಗ್ಗೆ ಜಗತ್ತಿನಾದ್ಯಂತ ಭಾಷಾಶಿಕ್ಷಕರು ಇಂದಿಗೂ ಓದುತ್ತಾರೆ. ನಮ್ಮ ಹುಡುಗರ ಪಾಲಿಗೆ ಉಳಿದದ್ದು ಮಾತ್ರ ಪಟ್ಟಿ ಮತ್ತು ಖಾಲಿ ಗೆರೆ.

ಇನ್ನೊಂದು ಅಂಶವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಖಾಲಿ ಗೆರೆ ಎಲ್ಲರಿಗೂ ಒಂದೇ, ಆದರೆ ಅದರ ಮುಂದೆ ಬಂದು ಕೂರುವವರ ದಾರಿ ಒಂದೇ ಅಲ್ಲ. ಕರ್ನಾಟಕದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ತೊಡಗಿದ್ದು 2007ರಲ್ಲಿ. ಅದಕ್ಕೆ ಮುಂಚಿನವರು ಐದನೇ ಇಯತ್ತೆಯಲ್ಲಿ ಎಬಿಸಿಡಿ ಶುರುಮಾಡಿದವರು. ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದವರಿಗೆ 'ಆಂಗ್ರಿ ವಿತ್' ಕಿವಿಗೆ ಸರಿ ಅನ್ನಿಸುತ್ತದೆ, ಅವರು ನಿಯಮ ನೆನೆಯುವುದಿಲ್ಲ. ಕಮರಿಪೇಟೆಯ, ಹಳೇಹುಬ್ಬಳ್ಳಿಯ, ಕುಂದಗೋಳ ಕಲಘಟಗಿಯ ಹಳ್ಳಿಗಳ ಹುಡುಗರಿಗೆ ಆ ಕಿವಿ ಇಲ್ಲ, ಪಟ್ಟಿ ಇದೆ. ಹೀಗಾಗಿ ಈ ಪ್ರಶ್ನೆಗಳು ಬುದ್ಧಿಯ ಜೊತೆಗೆ, ಎಷ್ಟು ವರ್ಷ ಇಂಗ್ಲಿಷ್ ಕಿವಿಗೆ ಬಿದ್ದಿದೆ ಎಂಬುದನ್ನೂ ಅಳೆಯುತ್ತವೆ. ಪ್ರಾದೇಶಿಕ ಭಾಷೆಗಳಲ್ಲೂ ಪರೀಕ್ಷೆ ನಡೆಯಲಿ ಎಂಬ ಕೂಗಿನ ಹಿಂದೆ ಈ ನೋವಿದೆ. ಆ ಕೂಗಿಗೆ ಕಳೆದ ಕೆಲವು ವರ್ಷಗಳಲ್ಲಿ ಗ್ರಾಮೀಣ ಬ್ಯಾಂಕು ಮತ್ತು ಎಸ್‌ಎಸ್‌ಸಿಯ ಕೆಲವು ಪರೀಕ್ಷೆಗಳ ಮಟ್ಟಿಗೆ ಫಲವೂ ಸಿಕ್ಕಿದೆ. ಆದರೂ ಇಂಗ್ಲಿಷ್ ವಿಭಾಗ ಇರುವ ಪರೀಕ್ಷೆಗಳಲ್ಲಿ ಖಾಲಿ ಗೆರೆ ಹಾಗೆಯೇ ಇದೆ.

ಕನ್ನಡವೇನೂ ಈ ದೋಷದಿಂದ ಹೊರತಲ್ಲ. ಕೇಶಿರಾಜ ಹೇಳಿದ ಏಳು ವಿಭಕ್ತಿಗಳಲ್ಲಿ ಪಂಚಮಿಗೆ 'ಅತ್ತಣಿಂ' ಎಂಬ ಪ್ರತ್ಯಯ. ಇವತ್ತು ಶಾಲೆಯ ವ್ಯಾಕರಣ ಅದರ ಜಾಗದಲ್ಲಿ 'ದೆಸೆಯಿಂದ' ಕಲಿಸುತ್ತದೆ. ಯಾರಾದರೂ 'ಮರದ ದೆಸೆಯಿಂದ ಹಣ್ಣು ಬಿತ್ತು' ಅಂದದ್ದನ್ನು ನೀವು ಕೇಳಿದ್ದೀರಾ? ಮರದಿಂದ ಬಿತ್ತು ಅನ್ನುತ್ತೇವೆ, ತೃತೀಯೆಗೂ ಪಂಚಮಿಗೂ ಒಂದೇ '-ಇಂದ' ಸಾಕಾಗಿ ಎಷ್ಟೋ ಕಾಲವಾಯಿತು. ಪರೀಕ್ಷೆಯಲ್ಲಿ ಮಾತ್ರ 'ದೆಸೆಯಿಂದ' ಬರೆದವನಿಗೆ ಅಂಕ. ಇಂಗ್ಲಿಷ್ ತನ್ನ ವಿಭಕ್ತಿಗಳನ್ನು ಕಳೆದುಕೊಂಡ ಹಾಗೆ ನಾವೂ ಒಂದನ್ನು ಕಳೆದುಕೊಂಡಿದ್ದೇವೆ, ಕಳೆದದ್ದನ್ನು ಒಪ್ಪದ ಪುಸ್ತಕ ನಮ್ಮಲ್ಲೂ ಇದೆ.

ಹಾಗಾದರೆ ನಾಳೆ ಪರೀಕ್ಷೆಗೆ ಕೂರುವವರು ಮಾಡಬೇಕಾದದ್ದೇನು? ಪಟ್ಟಿ ಕಲಿಯದೆ ಗತ್ಯಂತರವಿಲ್ಲ, ಆದರೆ ಪಟ್ಟಿಯನ್ನು ಅಕ್ಷರಮಾಲೆಯ ಕ್ರಮದಲ್ಲಿ ಕಲಿಯುವ ಬದಲು ವಂಶದ ಕ್ರಮದಲ್ಲಿ ಕಲಿಯಬಹುದು. ಎದುರುಬದುರು ನಿಲ್ಲುವ 'ವಿತ್' ಬಳಗವನ್ನು ಒಂದು ಕಡೆ ಬರೆಯಿರಿ. 'ಇಂದ' ಎಂಬ ಹಳೆಯ ಅರ್ಥದ 'ಆಫ್' ಬಳಗವನ್ನು ಇನ್ನೊಂದು ಕಡೆ, ಲ್ಯಾಟಿನ್ನಿನ 'ಟು' ಬಳಗವನ್ನು ಮತ್ತೊಂದು ಕಡೆ ಇಡಿ. ನಾಲ್ಕನೆಯದಾಗಿ, ಏನನ್ನೂ ಬೇಡದವರ ಪಟ್ಟಿ ಮಾಡಿ: ಡಿಸ್ಕಸ್, ರೀಚ್, ರಿಸೆಂಬಲ್, ಮ್ಯಾರಿ. ಕನ್ನಡದಲ್ಲಿ ಒಂದರ 'ಬಗ್ಗೆ' ಚರ್ಚಿಸುತ್ತೇವೆ, ಒಬ್ಬರ 'ಜೊತೆ' ಮದುವೆಯಾಗುತ್ತೇವೆ, ಆದ್ದರಿಂದ ನಮ್ಮ ಕೈ ತಾನಾಗಿ 'ಅಬೌಟ್', 'ವಿತ್' ಬರೆಯುತ್ತದೆ. ಪ್ರತಿ ಜೋಡಿಯ ಎದುರಿಗೆ ಕನ್ನಡದ ಪ್ರತ್ಯಯವನ್ನೂ ಬರೆದಿಟ್ಟರೆ ಕೈ ಎಲ್ಲಿ ಜಾರುತ್ತದೆ ಎಂಬುದು ಮೊದಲೇ ಕಾಣುತ್ತದೆ. ಕಿಟ್ಟೆಲ್ ನಿಘಂಟಿನಲ್ಲಿ ಎರಡು ಭಾಷೆಗಳನ್ನು ಅಕ್ಕಪಕ್ಕ ಕೂರಿಸಿದ್ದರಲ್ಲ, ಆ ಕೆಲಸವನ್ನೇ ನಿಮ್ಮ ನೋಟುಬುಕ್ಕಿನಲ್ಲಿ ಸಣ್ಣದಾಗಿ ಮುಂದುವರಿಸಿದಂತೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 'ಆನ್' ಬರೆದು ಅಂಕ ಕಳೆದುಕೊಂಡವರು ತಮ್ಮನ್ನು ದಡ್ಡರು ಎಂದುಕೊಳ್ಳಬೇಕಾಗಿಲ್ಲ. ಅವರು ತಮ್ಮ ಭಾಷೆಯ ತರ್ಕವನ್ನು ಸರಿಯಾಗಿಯೇ ಬಳಸಿದ್ದಾರೆ, ಆ ತರ್ಕ ಇನ್ನೊಂದು ಭಾಷೆಯ ಚರಿತ್ರೆಗೆ ಹೊಂದಲಿಲ್ಲ. ಆ ಚರಿತ್ರೆಯನ್ನು ತಿಳಿದುಕೊಳ್ಳುವುದು ಅವರಿಂದ ಆಗದ ಕೆಲಸವೇನಲ್ಲ. ನಾಲ್ಕು ಮಾತುಗಳ ನಡುವೆ ಬೆಳೆದ ಓಣಿಯ ಮಕ್ಕಳಿಗೆ ಐದನೆಯದರ ಪುಟ್ಟ ಪದಗಳ ಗುಟ್ಟು ಹಿಡಿಯುವ ಅಭ್ಯಾಸ ಹುಟ್ಟಿನಿಂದಲೇ ಬಂದಿದೆ. 'ಯಾಕ ಸರ್?' ಎಂದು ಕೇಳುವುದನ್ನು ಅವರು ಬಿಡಬಾರದು, ಹೇಳುವವರೂ 'ಅದು ಹಂಗs' ಎಂದು ಮಾತು ಮುಗಿಸಬಾರದು.